ಆಷಾಢದ ಗಾಳಿಯಲ್ಲಿ ಐದಂತಸ್ತಿನ ಗಾಜು: ತುಮಕೂರಿನ ಒಂದು ಕೆಲಸದ ಪೂರ್ತಿ ವಿವರ

ಶ್ರಾವಣದ ಮೊದಲ ಶುಕ್ರವಾರ ಸೀರೆ ಅಂಗಡಿ ಓಪನಿಂಗ್. ಜಾಗ ತುಮಕೂರು, ಬಿ.ಎಚ್. ರಸ್ತೆಗೆ ಮುಖ ಮಾಡಿದ ಹೊಸ ಕಟ್ಟಡ. ನೆಲಮಹಡಿ ಸೇರಿ ಐದು ಅಂತಸ್ತು, ಮುಂಭಾಗ ಪೂರ್ತಿ ಗಾಜು. ಕಟ್ಟಡ ಕಟ್ಟಿದವರು ಬಿಟ್ಟುಹೋದ ಸಿಮೆಂಟಿನ ಹನಿ, ಸಿಲಿಕೋನ್ ಅಂಟು, ಸ್ಟಿಕ್ಕರ್ ಗುರುತು ಎಲ್ಲ ಹಾಗೇ ಇದ್ದವು. ಅದರ ಮೇಲೆ ರಸ್ತೆಯ ಧೂಳು. ಓಪನಿಂಗ್ ಹೊತ್ತಿಗೆ ಗಾಜು ಫಳಫಳ ಹೊಳೀಬೇಕು ಅನ್ನೋದು ಮಾಲೀಕರ ಆಸೆ. ನಮ್ಮದು ಎತ್ತರದ ಗಾಜು ತೊಳೆಯುವ ಸಣ್ಣ ತಂಡ. ಕೆಲಸ ಸಿಕ್ಕಿದ್ದು ಜೂನ್ ಕೊನೆಗೆ, ಮಾಡಬೇಕಿದ್ದದ್ದು ಜುಲೈನಲ್ಲಿ. ಅಂದರೆ ನಮ್ಮ ಕಡೆ ವರ್ಷದಲ್ಲೇ ಗಾಳಿ ಜೋರಾಗಿರುವ ಹೊತ್ತು.

ಗಾಳಿ ಏನು ಮಾಡಿತು, ಯಾವಾಗ ನಿಲ್ಲಿಸಿದೆವು, ನಿಲ್ಲಿಸಿದ್ದಕ್ಕೆ ಏನೇನು ಮಾತು ಬಂತು, ಕೊನೆಗೆ ಹೇಗೆ ಮುಗಿಯಿತು ಅನ್ನೋದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನನ್ನ ಗಟ್ಟಿ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಗ್ಗದ ಮೇಲಿರುವ ಮನುಷ್ಯನನ್ನು ಗಾಳಿ ಅಳೆಯುವ ಮೀಟರ್ ಒಂದೇ ಕಾಪಾಡಲ್ಲ. ಕೆಲಸ ನಿಂತ ದಿನದ ಕೂಲಿ ಯಾರು ಕೊಡುತ್ತಾರೆ ಅನ್ನೋದು ಮೊದಲೇ ತೀರ್ಮಾನವಾಗಿರಬೇಕು. ಆ ಮಾತು ಆಗದಿದ್ದರೆ ಮೀಟರ್ ಜೇಬಲ್ಲೇ ಉಳಿಯುತ್ತದೆ.

ಕಟ್ಟಡ, ಗಲ್ಲಿ, ತಂತಿ

ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದ ಬಯಲು. ನೈಋತ್ಯದಿಂದ ಬರುವ ಮುಂಗಾರು ಗಾಳಿ ತನ್ನ ಮಳೆಯನ್ನೆಲ್ಲ ಘಟ್ಟದಲ್ಲೇ ಸುರಿಸಿ ಬರುತ್ತದೆ. ಇಲ್ಲಿಗೆ ಬರುವಾಗ ಮಳೆ ಕಡಿಮೆ, ಬೀಸು ಜಾಸ್ತಿ. ಆಷಾಢದಲ್ಲಿ ಮಕ್ಕಳು ಗಾಳಿಪಟ ಹಾರಿಸುವುದೂ ಇದಕ್ಕೇ ಅಲ್ವಾ? ಪಟಕ್ಕೆ ಚೆನ್ನಾಗಿರುವ ಗಾಳಿ ನಮ್ಮ ಹಗ್ಗಕ್ಕೆ ಆಗಿಬರಲ್ಲ.

ಈ ಕಟ್ಟಡದ ಮುಂಭಾಗ ಹೆಚ್ಚುಕಡಿಮೆ ನೈಋತ್ಯಕ್ಕೇ ಇದೆ. ಹಾಗಾಗಿ ಗಾಳಿ ನೇರ ಬಂದು ಗಾಜಿಗೇ ಹೊಡೆಯುತ್ತದೆ. ಹೊಡೆದ ಗಾಳಿ ಅಲ್ಲೇ ನಿಲ್ಲಲ್ಲ, ದಾರಿ ಹುಡುಕುತ್ತದೆ. ಒಂದಿಷ್ಟು ಮೇಲಕ್ಕೆ ಹತ್ತಿ ಪ್ಯಾರಾಪೆಟ್ (ಟೆರೇಸಿನ ಅಂಚಿನ ಗಿಡ್ಡ ಗೋಡೆ) ದಾಟುತ್ತದೆ. ಒಂದಿಷ್ಟು ಗಾಜಿನ ಮೇಲೇ ಕೆಳಗಿಳಿದು ಫುಟ್‌ಪಾತ್ ಮೇಲೆ ಧೂಳೆಬ್ಬಿಸುತ್ತದೆ. ಉಳಿದದ್ದು ಎರಡೂ ಪಕ್ಕದ ಮೂಲೆಗಳ ಕಡೆ ಓಡುತ್ತದೆ. ಮೂಲೆಯಲ್ಲಿ ವೇಗ ಹೆಚ್ಚು. ಈ ಕಟ್ಟಡದ ಎಡಪಕ್ಕ ಹಳೆಯದೊಂದು ಕಟ್ಟಡ ಇದೆ, ನಡುವೆ ಹತ್ತಡಿಯಷ್ಟು ಗಲ್ಲಿ. ಎರಡು ಗೋಡೆಗಳ ನಡುವಿನ ಅಷ್ಟು ಸಂದಿಯಲ್ಲಿ ನುಗ್ಗುವಾಗ ಗಾಳಿ ಇನ್ನೂ ಜೋರಾಗುತ್ತದೆ. ಹಾಗಾಗಿ ಒಂದೇ ಗಾಜಿನ ಗೋಡೆಯ ನಡುಭಾಗಕ್ಕೂ ಎಡ ಮೂಲೆಗೂ ಅಜಗಜಾಂತರ.

ರಸ್ತೆ ಬದಿಗೆ 11 ಕೆವಿ ತಂತಿ, ಪಕ್ಕದಲ್ಲೇ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಇಷ್ಟು ವೋಲ್ಟೇಜಿನ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಬೇಕು ಅಂತ ನಿಯಮ. ಇಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಆ ಅಳತೆ ನಿಂತ ಗೋಡೆಗೆ. ಗಾಳಿಗೆ ಹಾರಾಡುವ ಒದ್ದೆ ಹಗ್ಗಕ್ಕೂ ಉದ್ದನೆಯ ಕೋಲಿಗೂ ಅದು ಸಾಲದು. ಕಾರ್ಬನ್ ಫೈಬರ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ ಅನ್ನೋದು ಈ ಕೆಲಸಕ್ಕೆ ಹೊಸದಾಗಿ ಬರುವ ಬಹಳ ಹುಡುಗರಿಗೆ ಗೊತ್ತಿರಲ್ಲ.

ಇನ್ನು ಟೆರೇಸ್. ಹಗ್ಗ ಕಟ್ಟಲು ಅಂತಲೇ ಮಾಡಿದ ಕೊಕ್ಕೆ, ಬೋಲ್ಟ್ ಒಂದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಗಾಜಿನ ಕಟ್ಟಡ ಕಟ್ಟುವವರು ಗಾಜಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಆ ಗಾಜು ತೊಳೆಯುವವನು ಎಲ್ಲಿಂದ ಇಳೀತಾನೆ ಅಂತ ಯೋಚನೆ ಮಾಡಿರುವುದನ್ನು ನಾನು ನೋಡಿದ್ದು ಕಡಿಮೆ. ಇಲ್ಲಿ ಲಿಫ್ಟ್ ರೂಮಿನ ಕಾಂಕ್ರೀಟ್ ಕಂಬಗಳು ಸಿಕ್ಕವು. ಕೆಲಸದ ಹಗ್ಗ ಒಂದು ಕಂಬಕ್ಕೆ, ಜೀವ ಉಳಿಸುವ ಹಗ್ಗ ಬೇರೆ ಕಂಬಕ್ಕೆ. ನೀರಿನ ಪೈಪಿಗಾಗಲಿ ಪ್ಯಾರಾಪೆಟ್ಟಿಗಾಗಲಿ ಒಂದು ಗಂಟೂ ಇಲ್ಲ. ಪ್ಯಾರಾಪೆಟ್ ಮೇಲೆಲ್ಲ ಎಸಿಪಿ ಶೀಟ್ (ಅಲ್ಯೂಮಿನಿಯಂ ಕಾಂಪೋಸಿಟ್ ಹಾಳೆ) ಹೊದಿಸಿದ್ದರು. ಅದರ ಎರಡೂ ಮೈ ತೆಳು ಅಲ್ಯೂಮಿನಿಯಂ. ಮಡಿಚಿದ ಕಡೆ ಪರವಾಗಿಲ್ಲ, ಕತ್ತರಿಸಿದ ಅಂಚು ಮಾತ್ರ ಬ್ಲೇಡ್.

ಮೊದಲ ಬೆಳಗ್ಗೆ

ಫುಟ್‌ಪಾತ್‌ನಲ್ಲಿ ಮೀಟರ್ ಹಿಡಿದಾಗ ಗಂಟೆಗೆ 12-14 ಕಿಲೋಮೀಟರ್ ತೋರಿಸಿತು. ಟೆರೇಸಿಗೆ ಹತ್ತಿ ಪ್ಯಾರಾಪೆಟ್‌ನಿಂದ ಕೈ ಹೊರಗೆ ಚಾಚಿ ಹಿಡಿದರೆ 22-24. ಎಡ ಮೂಲೆಯಲ್ಲಿ 26ರ ಆಸುಪಾಸು ಇತ್ತು, ನಡುನಡುವೆ ಒಂದೊಂದು ಬೀಸು 30 ಮುಟ್ಟುತ್ತಿತ್ತು.

ಬೀಸು ಅಂದೆನಲ್ಲ, ಇದ್ದಕ್ಕಿದ್ದಂತೆ ಜೋರಾಗಿ ಬಂದು ಹೋಗುವ ಗಾಳಿ, ನೋಡಬೇಕಾದದ್ದು ಅದನ್ನೇ. ಹವಾಮಾನದ ಆ್ಯಪ್ ತೋರಿಸುವುದು ಬಯಲಿನಲ್ಲಿ ಸುಮಾರು ಹತ್ತು ಮೀಟರ್ ಎತ್ತರದ ಗಾಳಿಯ ಸರಾಸರಿ. ಹಗ್ಗದಲ್ಲಿ ತೂಗುವವನನ್ನು ಸರಾಸರಿ ತಳ್ಳಲ್ಲ, ಬೀಸು ತಳ್ಳುತ್ತದೆ. ಅಮೆರಿಕದ ನಿಯಮದಲ್ಲಿ ಮೋಟಾರಿನಿಂದ ಏರಿಳಿಯುವ ತೂಗುತೊಟ್ಟಿಲಿಗೆ ಗಂಟೆಗೆ 40 ಕಿಲೋಮೀಟರ್ ಮಿತಿ. ಉದ್ದ ತೋಳಿನ ತುದಿಯಲ್ಲಿ ಜನರನ್ನು ಎತ್ತುವ ಬೂಮ್ ಲಿಫ್ಟ್ ಯಂತ್ರಗಳ ಪ್ಲೇಟಿನ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್ ಅಂತ ಬರೆದಿರುತ್ತದೆ, ಅದು ಗಂಟೆಗೆ 45 ಕಿಲೋಮೀಟರ್. ಬರೀ ಹಗ್ಗದ ಮೇಲೆ ಕೂತವನಿಗೆ ಅಷ್ಟು ದೂರ ಹೋಗಬಾರದು ಅನ್ನೋದು ನನ್ನ ನಂಬಿಕೆ. ನಮ್ಮ ತಂಡದ ಗೆರೆ ಇದು: ಪ್ಯಾರಾಪೆಟ್ ಹತ್ತಿರ ಬೀಸು 30 ದಾಟಿದರೆ ಯಾರೂ ಹೊಸದಾಗಿ ಹೊರಗೆ ಕಾಲಿಡುವಂತಿಲ್ಲ, 35 ದಾಟಿದರೆ ಹಗ್ಗದಲ್ಲಿರುವವರೂ ಇಳಿಯಬೇಕು.

ಈ ಗೆರೆ ಯಾಕೆ ಇಷ್ಟು ಕೆಳಗೆ ಅಂತ ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು ಆರು ಕಿಲೋ ತೂಕದಷ್ಟು ಒತ್ತುತ್ತದೆ. ಕೂತ ಮನುಷ್ಯನ ಮೈಗೆ ತಾಗುವುದು ನಾಲ್ಕು ಕಿಲೋ ಚಿಲ್ಲರೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಸಾಮಾನು ಸೇರಿ 90 ಕಿಲೋ ತೂಗುವವನು 12 ಮೀಟರ್ ಹಗ್ಗದ ತುದಿಯಲ್ಲಿದ್ದರೆ ಆ ನಾಲ್ಕು ಕಿಲೋ ಅವನನ್ನು ಅರ್ಧ ಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ಸರಿಸುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಆಗ ಅದೇ ಮನುಷ್ಯ ಎರಡು ಮೀಟರ್ ಆಚೆ. ಇನ್ನೊಂದು ವಿಷಯ ಇದೆ. ಮೇಲೆ ಗಾಳಿ ಜಾಸ್ತಿ ಇದ್ದರೂ ಹಗ್ಗ ಗಿಡ್ಡ, ಓಲಾಟ ಕಡಿಮೆ. ಕೆಳಗಿಳಿದಂತೆ ಹಗ್ಗ ಉದ್ದವಾಗುತ್ತದೆ, ಓಲಾಟವೂ ಬೆಳೆಯುತ್ತದೆ. ನೆಲ ಹತ್ತಿರ ಬಂತು ಅಂತ ಧೈರ್ಯ ಬರುವ ಹೊತ್ತಿಗೇ ಜಾಸ್ತಿ ತೂಗುತ್ತಿರುತ್ತೀರಿ.

ಬೀಸು 30ರ ಒಳಗೇ ಇದ್ದದ್ದರಿಂದ ಕೆಲಸ ಶುರುವಾಯಿತು. ಇಬ್ಬರು ಹಗ್ಗದಲ್ಲಿ, ಒಬ್ಬ ಟೆರೇಸಿನಲ್ಲಿ, ಒಬ್ಬ ಕೆಳಗೆ ಟೇಪ್ ಕಟ್ಟಿ ಜನರನ್ನು ಆಚೆ ಕಳಿಸಲು. ವೈಪರ್, ಸ್ಕ್ರೇಪರ್, ಬಕೆಟ್ ಎಲ್ಲಕ್ಕೂ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ್ದೆವು. ಗಾಜಿಗೆ ಅಂಟುವ ಸಕ್ಷನ್ ಕಪ್ ಒಂದೊಂದು ಎಡಗೈಯಲ್ಲಿ. ಒಂದು ಸಲ ಮೇಲಿನಿಂದ ಕೆಳಗಿಳಿಯುವಾಗ ತೊಳೆಯುವಷ್ಟು ಅಗಲದ ಗಾಜಿಗೆ ನಾವು ಪಟ್ಟಿ ಅನ್ನುತ್ತೇವೆ. ನಡುಭಾಗದ ಎರಡು ಪಟ್ಟಿ ಸರಾಗವಾಗಿ ಮುಗಿದವು. ಹತ್ತು ಗಂಟೆ ಹೊತ್ತಿಗೆ ಹಿರಿಯ ಕೆಲಸಗಾರ ಎಡ ಮೂಲೆಯ ಪಟ್ಟಿಗೆ ಬಂದ.

ಟೆರೇಸಿನಲ್ಲಿದ್ದವನು ಯಾದಗಿರಿ ಕಡೆಯ ಹುಡುಗ. ಅವನ ಕೆಲಸ ಒಂದೇ, ಹಗ್ಗ ನೋಡುತ್ತಾ ಕೂರುವುದು. ನೋಡುವವರಿಗೆ ಸುಮ್ನೆ ಕೂತಂತೆ ಕಾಣುತ್ತದೆ. ಆ ದಿನ ಇಡೀ ಕೆಲಸದಲ್ಲಿ ಅತಿ ಮುಖ್ಯದ ಮಾತು ಬಂದದ್ದು ಅವನ ಬಾಯಿಂದ.

"ಅಣ್ಣಾ, ಹಗ್ಗ ತಿಕ್ಲಿಕತ್ತದ!"

ಓಡಿಹೋಗಿ ನೋಡಿದೆ. ಪ್ಯಾರಾಪೆಟ್ ಅಂಚಿಗೆ ಹಗ್ಗ ತಾಗದ ಹಾಗೆ ದಪ್ಪ ಕ್ಯಾನ್ವಾಸ್ ತೋಳು ಹಾಕಿರುತ್ತೇವೆ. ಕೆಳಗೆ ಮನುಷ್ಯ ಎಡಕ್ಕೆ ಬಲಕ್ಕೆ ಓಲಿದಂತೆಲ್ಲ ಹಗ್ಗ ಅಂಚಿನ ಮೇಲೆ ಒಂದೆರಡು ಅಂಗುಲ ಆಚೀಚೆ ಜಾರುತ್ತಿತ್ತು. ಜಾರಿ ಜಾರಿ ತೋಳನ್ನೂ ಎಳೆದುಕೊಂಡು ಎಸಿಪಿಯ ಕತ್ತರಿಸಿದ ಅಂಚಿನ ಹತ್ತಿರಕ್ಕೆ ಬಂದಿತ್ತು. ತೋಳಿನ ಬಾಯಿ ಹರಿದು, ಒಳಗಿನ ಹಗ್ಗ ಬೆರಳಗಲ ಕಾಣುತ್ತಿತ್ತು. ಹಗ್ಗ 11 ಮಿಲಿಮೀಟರಿನದು. ನೇಯ್ದ ಹೊರಹೊದಿಕೆ, ಒಳಗೆ ಭಾರ ಹೊರುವ ತಿರುಳು. ಹೊದಿಕೆಯಲ್ಲಿ ಹತ್ತಿಯ ನಾರಿನ ಹಾಗೆ ಎಳೆ ಎದ್ದಿತ್ತು. ತಿರುಳಿಗೆ ಏನೂ ಆಗಿರಲಿಲ್ಲ. ಎರಡನೇ ಹಗ್ಗ ಬೇರೆ ಜಾಗದಲ್ಲಿ ಅಂಚು ದಾಟುತ್ತಿದ್ದರಿಂದ ಅದಕ್ಕೆ ಗೀರೂ ಬಿದ್ದಿರಲಿಲ್ಲ.

ಮೀಟರ್ ಹಿಡಿದರೆ ಮೂಲೆಯಲ್ಲಿ ಬೀಸು 38. ಬೆಳಗ್ಗೆಗೂ ಆಗಲಿಗೂ ನಡುವೆ ಬಿಸಿಲು ಬಂದಿತ್ತು, ಅಷ್ಟೇ. ನೆಲ ಕಾದಂತೆ ಮೇಲಿನ ಜೋರುಗಾಳಿ ಕೆಳಗಿನ ಗಾಳಿಯ ಜೊತೆ ಬೆರೆಯುತ್ತದೆ, ಬೀಸು ಏರುತ್ತದೆ. ವಿಶಲ್ ಊದಿದೆ. ಇಬ್ಬರೂ ಇಳಿದರು. ಆ ಹಗ್ಗವನ್ನು ಅಲ್ಲೇ ಕತ್ತರಿಸಿ ತುಂಡು ಮಾಡಿದೆವು. ಹಾಗೇ ಇಟ್ಟರೆ ಇನ್ಯಾವತ್ತೋ ಯಾರೋ ಚೆನ್ನಾಗಿದೆ ಅಂದುಕೊಂಡು ಕಟ್ಟಿಬಿಡುತ್ತಾರೆ.

ಮಾಲೀಕರ ಮಾತು, ಹುಡುಗರ ಮಾತು

ಮಾಲೀಕರು ಅರ್ಧ ಗಂಟೆಯಲ್ಲಿ ಬಂದರು. ಸಿಟ್ಟು ಬಂದದ್ದು ಸಹಜವೇ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ಧರ್ಮಾವರಂನಿಂದ ಸೀರೆ ಬಂದು ಬಿದ್ದಿತ್ತು.

"ಕೆಳಗೆ ನೋಡಿದ್ರೆ ಏನೂ ಇಲ್ವಲ್ರೀ. ನೀವು ಗಾಳಿ ಗಾಳಿ ಅಂತೀರಲ್ಲ?"

"ಸಾರ್, ಒಂದ್ಸಲ ಟೆರೇಸಿಗೆ ಬನ್ನಿ" ಅಂದೆ.

ಬಂದರು. ಎಡ ಮೂಲೆಗೆ ನಾಲ್ಕು ಹೆಜ್ಜೆ ಇರುವಾಗಲೇ ಪಂಚೆ ಹಿಡಿದುಕೊಳ್ಳಬೇಕಾಯಿತು. ಹರಿದ ತೋಳನ್ನೂ ಹಗ್ಗದ ತುಂಡನ್ನೂ ಕೈಗೆ ಕೊಟ್ಟೆ. ಹೊದಿಕೆಯ ಮೇಲೆ ಹೆಬ್ಬೆರಳು ಆಡಿಸಿದರು, ಮತ್ತೆ ಏನೂ ಅನ್ನಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಗಿರಾಕಿಯ ಜೊತೆ ಫೋನಿನಲ್ಲಿ ಗಾಳಿಯ ವಾದ ಮಾಡಿ ಪ್ರಯೋಜನ ಇಲ್ಲ. ಅವರು ನಿಂತಿರುವುದು ನೆಲದ ಮೇಲೆ, ಅಲ್ಲಿ ನಿಜವಾಗಿಯೂ ಅಷ್ಟು ಗಾಳಿ ಇರಲ್ಲ. ಸುಳ್ಳು ಹೇಳುತ್ತಿಲ್ಲ ಅವರು.

ಕಷ್ಟದ ಮಾತು ಬಂದದ್ದು ನಮ್ಮವರಿಂದಲೇ. ಮೂಲೆಯಲ್ಲಿ ಓಲಾಡಿ ಇಳಿದಿದ್ದ ಹಿರಿಯ ಕೆಲಸಗಾರ ಚಹಾ ಕುಡಿಯುತ್ತಾ ಕೇಳಿದ: "ಅಣ್ಣ, ಬೇರೆ ಹಗ್ಗ ಹಾಕಿಕೊಂಡು ನಡುವಿನ ಪಟ್ಟಿ ಇನ್ನೊಂದು ಇಳಿದುಬಿಡ್ಲಾ? ಹತ್ತು ಗಂಟೆಗೇ ನಿಲ್ಸಿದ್ರೆ ಇವತ್ತಿನ ಲೆಕ್ಕ ಹೆಂಗೆ?"

ಹಗ್ಗ ಸವೆದದ್ದನ್ನು ಕಣ್ಣಾರೆ ಕಂಡವನೇ ಹೀಗೆ ಕೇಳಿದ. ಅವನಿಗೆ ಭಯ ಇಲ್ಲ ಅಂತಲ್ಲ. ಮಗಳ ಕಾಲೇಜು ಫೀಸಿನ ಕಂತು ಆ ವಾರವೇ ಕಟ್ಟಬೇಕಿತ್ತು. ಈ ಕೆಲಸದಲ್ಲಿ ಕೂಲಿ ದಿನದ ಲೆಕ್ಕ. ಹಗ್ಗದ ಮೇಲೆ ಇಳಿಯುವವನಿಗೆ ದಿನಕ್ಕೆ 1,200 ರೂಪಾಯಿ. ಬಹಳ ಕಡೆ ಗಾಳಿಗೋ ಮಳೆಗೋ ನಿಂತರೆ ಅರ್ಧ ಕೂಲಿ, ಇಲ್ಲವೇ ಏನೂ ಇಲ್ಲ. ಹೀಗಿರುವಾಗ 'ಅಪಾಯ ಅನ್ನಿಸಿದರೆ ನೀನೇ ನಿಲ್ಲಿಸು' ಅಂತ ಕೆಲಸಗಾರನಿಗೆ ಹೇಳುವುದು ನ್ಯಾಯ ಅಲ್ಲ. ನಿಲ್ಲಿಸಿದ ಕೂಡಲೇ ಅವನ ಜೇಬಿನಿಂದ ದುಡ್ಡು ಹೋಗುತ್ತದೆ. ಟೆರೇಸಿನ ಹುಡುಗ ಕೂಗುವ ಮೊದಲು 'ಎಲ್ಲರ ಕೂಲಿಯೂ ಹೋಗುತ್ತಲ್ಲ' ಅಂತ ಒಂದು ನಿಮಿಷ ಹಿಂದೆಮುಂದೆ ನೋಡಿದ್ದರೆ? ಆ ಒಂದು ನಿಮಿಷದಲ್ಲಿ ಹಗ್ಗ ಎಷ್ಟು ಸಲ ಜಾರುತ್ತಿತ್ತು?

ಅವನು ಹಿಂದೆಮುಂದೆ ನೋಡದೆ ಕೂಗಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಜಾಗಕ್ಕೆ ಬಂದು ಹಗ್ಗ ಕಟ್ಟಿದ ಮೇಲೆ ಗಾಳಿಗೆ ನಿಂತರೆ ಪೂರ್ತಿ ಕೂಲಿ. ಕಟ್ಟುವ ಮೊದಲೇ ವಾಪಸ್ ಹೋದರೆ ಅರ್ಧ. ಹಿರಿಯನಿಗೆ ಅನುಮಾನ ಬಂದದ್ದು ಅವನು ತಂಡಕ್ಕೆ ಹೊಸಬ ಆಗಿದ್ದರಿಂದ. ಬೇರೆ ಕಡೆಯ ಅಭ್ಯಾಸ ಅವನದು. "ಪೂರ್ತಿ ಇದೆ, ಚಹಾ ಕುಡಿ" ಅಂದಾಗ ಅವನು ಮುಖ ತಿರುಗಿಸಿಕೊಂಡ.

ಆ ಸಂಜೆ ಮಾಲೀಕರಿಗೆ ಇನ್ನೊಂದು ಕಡೆಯಿಂದ ಫೋನ್ ಬಂತಂತೆ. ಅರ್ಧ ರೇಟಿಗೆ, ಎರಡೇ ದಿನದಲ್ಲಿ ಮುಗಿಸಿಕೊಡುತ್ತೇವೆ ಅಂದರಂತೆ. ಎಷ್ಟು ಹಗ್ಗದಲ್ಲಿ ಇಳೀತೀರಿ ಅಂತ ಮಾಲೀಕರೇ ಕೇಳಿದರಂತೆ. ಒಂದು ಹಗ್ಗ, ಒಂದು ಹಲಗೆ ಅಂತ ಉತ್ತರ ಬಂತು. ಮಾಲೀಕರು ಬೇಡ ಅಂದರು. ಬೆಳಗ್ಗೆ ಆ ತುಂಡು ಕೈಯಲ್ಲಿ ಹಿಡಿಯದೇ ಇದ್ದಿದ್ದರೆ ಬಹುಶಃ ಆ ಪ್ರಶ್ನೆ ಅವರ ಬಾಯಿಗೆ ಬರುತ್ತಿರಲಿಲ್ಲ.

ಕೆಲಸವನ್ನು ಹೊಸದಾಗಿ ಹಂಚಿದ್ದು

ಬೂಮ್ ಲಿಫ್ಟ್ ತರಿಸಿ ಅಂದರು ಮಾಲೀಕರು, ಬಾಡಿಗೆ ಅವರೇ ಕೊಡುವುದಾಗಿಯೂ ಹೇಳಿದರು. ಬೇಡ ಅಂದೆ. ಮುಂಭಾಗಕ್ಕೆ ಲಿಫ್ಟ್ ನಿಲ್ಲಿಸಿದರೆ ಅದರ ತೋಳು 11 ಕೆವಿ ತಂತಿಯ ಪಕ್ಕದಲ್ಲೇ ಏಳಬೇಕು. ಗಲ್ಲಿಯೊಳಗೆ ಲಿಫ್ಟ್ ಹೋಗಲ್ಲ. ಸಾರವೆ ಕಟ್ಟುವುದೂ ಒಂದು ದಾರಿ, ಆದರೆ ಹೊಸ ಗಾಜಿನ ಮುಂದೆ ಆ ಗಾಳಿಯಲ್ಲಿ ಹಸಿರು ಬಲೆ ಹೊದಿಸಿದ ಸಾರವೆ ಪಟದ ಥರ ಗಾಳಿ ಹಿಡಿಯುತ್ತದೆ. ಕಟ್ಟಿ ಬಿಚ್ಚುವ ಹೊತ್ತಿಗೆ ಓಪನಿಂಗ್ ದಾಟಿರುತ್ತಿತ್ತು.

ಹಾಗಾಗಿ ಹೊತ್ತನ್ನೇ ಬದಲಿಸಿದೆವು. ರಾತ್ರಿ ನೆಲ ತಣ್ಣಗಾಗಿ, ನೆಲದ ಹತ್ತಿರದ ಗಾಳಿ ಮೇಲಿನ ಜೋರುಗಾಳಿಯಿಂದ ಬೇರೆಯಾಗಿರುವ ಹೊತ್ತು ನಸುಕು. ಜುಲೈನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಐದೂವರೆಗೇ ಟೆರೇಸಿನಲ್ಲಿ ಹಗ್ಗ ಕಟ್ಟಿ ಮುಗಿಸಿ, ಬೆಳಕು ಹರಿದ ಕೂಡಲೇ ಇಳಿದು, ಒಂಬತ್ತರೊಳಗೆ ಹಗ್ಗದ ಕೆಲಸ ಬಂದ್. ಆಷಾಢದಲ್ಲಿ ನಸುಕಿನ ಗಾಳಿಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಅಂಥ ದಿನ ಹಗ್ಗ ಕಟ್ಟಲೇ ಇಲ್ಲ. ಹಿಂದಿನ ರಾತ್ರಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳುತ್ತಿದ್ದೆವು. ಅದು ಗೊತ್ತುಮಾಡಿಕೊಳ್ಳುವುದಕ್ಕೆ ಮಾತ್ರ. ತೀರ್ಮಾನ ಆಗುತ್ತಿದ್ದದ್ದು ಟೆರೇಸಿನಲ್ಲೇ.

ಮೀಟರ್ ಇಲ್ಲದವರಿಗೂ ಗಾಳಿ ಓದಲು ಬರಬೇಕು. ಬ್ರಿಟಿಷ್ ನೌಕಾಪಡೆಯ ಬೋಫೋರ್ಟ್ 1805ರಲ್ಲಿ ಮಾಡಿದ ಅಳತೆಯಿಂದ ಬೆಳೆದ ಪಟ್ಟಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ರಸ್ತೆಯಲ್ಲಿ ಧೂಳು, ಕಾಗದದ ಚೂರು ಏಳುತ್ತಿದೆ, ಸಣ್ಣ ರೆಂಬೆ ಅಲುಗುತ್ತಿದೆ ಅಂದರೆ 20ರಿಂದ 28 ಕಿಲೋಮೀಟರ್. ಎಲೆ ತುಂಬಿದ ಸಣ್ಣ ಮರಗಳೇ ತೂಗುತ್ತಿವೆ ಅಂದರೆ 29ರಿಂದ 38. ದೊಡ್ಡ ಕೊಂಬೆ ಅಲ್ಲಾಡಿ, ಛತ್ರಿ ಹಿಡಿಯುವುದೇ ಕಷ್ಟವಾದರೆ 39ರಿಂದ 49. ನಮ್ಮ ಹುಡುಗರಿಗೆ ನಾನು ಎದುರು ಮನೆಯ ಹೊಂಗೆ ಮರ ತೋರಿಸಿ ಇದನ್ನು ಹೇಳಿಕೊಟ್ಟೆ. ಹೊಂಗೆ ಮರವೇ ತೂಗಲು ಶುರುವಾದರೆ ಹಗ್ಗ ಮುಟ್ಟಬೇಡಿ ಅಂತ. ಈ ಊರಿನಲ್ಲಿ ತೆಂಗಿಗೇನೂ ಬರ ಇಲ್ಲ. ಆದರೆ ತೆಂಗಿನ ಗರಿ ಸಣ್ಣ ಗಾಳಿಗೂ ಆಡುತ್ತದೆ, ಅದನ್ನು ನಂಬಿ ಲೆಕ್ಕ ಹಾಕಲು ಬರಲ್ಲ.

ಮುಂಭಾಗದ ಮೇಲಿನ ಮಹಡಿಗಳ ನಡುವಿನ ಪಟ್ಟಿಗಳೆಲ್ಲ ನಸುಕಿನ ಪಾಲು. ಪ್ಯಾರಾಪೆಟ್ ಅಂಚಿಗೆ ಈ ಸಲ ತೋಳಿನ ಜೊತೆಗೆ ಉದ್ದಕ್ಕೆ ಸೀಳಿದ ದಪ್ಪ ಪಿವಿಸಿ ಪೈಪ್ ಕೂರಿಸಿ, ಎರಡೂ ತುದಿ ಹಿಂದಕ್ಕೆ ಕಟ್ಟಿದೆವು. ಹಗ್ಗ ಜಾರಿದರೂ ಪೈಪಿನ ದುಂಡು ಮೈ ಮೇಲೇ ಜಾರಬೇಕು. ಕೆಳಗೆ ಇಳಿಬಿಟ್ಟ ಹಗ್ಗದ ಬಾಲ ಗಾಳಿಗೆ ಹಾರಿ ತಂತಿ ಕಡೆ ಹೋಗದಂತೆ ಚೀಲದಲ್ಲಿ ತುಂಬಿ ಕೂತವನ ಕೆಳಗೇ ನೇತುಹಾಕಿದೆವು. ಇಳಿದಂತೆ ಹಗ್ಗ ಚೀಲದಿಂದ ತಾನೇ ಬಿಚ್ಚಿಕೊಳ್ಳುತ್ತದೆ.

ನೆಲಮಹಡಿ, ಮೊದಲನೇ ಮಹಡಿ ಏಣಿ ಮತ್ತು ಕೋಲಿನಲ್ಲಿ. ಇದಕ್ಕೆ ವಿದ್ಯುತ್ ಕಂಪನಿ ಬೆಸ್ಕಾಂನಿಂದ ಲೈನ್ ಕ್ಲಿಯರ್, ಅಂದರೆ ತಂತಿಯ ಕರೆಂಟ್ ತೆಗೆಸಿ ಕೆಲಸಕ್ಕೆ ಒಪ್ಪಿಗೆ, ಬೇಕೇಬೇಕು ಅಂತ ಹಟ ಹಿಡಿದೆ. ಮಾಲೀಕರ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಓಡಾಡಿ ಒಂದು ಭಾನುವಾರ ಬೆಳಗ್ಗೆಗೆ ಕೊಡಿಸಿದರು. ಲೈನ್‌ಮ್ಯಾನ್ ಬಂದು ತಂತಿಗೆ ಅರ್ತಿಂಗ್ ಕೊಟ್ಟು, ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ಮೇಲೆಯೇ ಕೋಲು ಎತ್ತಿದ್ದು. ಇವತ್ತು ಕರೆಂಟ್ ತೆಗೀತಾರಂತೆ ಅನ್ನುವ ಪೇಪರಿನ ಸುದ್ದಿ ನಂಬಿ ತಂತಿ ಪಕ್ಕ ಕೆಲಸ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ತೆಗೆದ ಕರೆಂಟ್ ಯಾವ ಕ್ಷಣದಲ್ಲಾದರೂ ವಾಪಸ್ ಬರಬಹುದು.

ಮೇಲಿನ ಮಹಡಿಗಳಲ್ಲಿ ಕೆಳಭಾಗ ಹೊರಕ್ಕೆ ತೆರೆದುಕೊಳ್ಳುವ ಕೆಲವು ಕಿಟಕಿಗಳಿದ್ದವು. ಅವನ್ನು ತೆರೆದು ಒಳಗಿನಿಂದಲೇ ಕೈ ಹಾಕಿ ಒರೆಸಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಗಾಳಿ ದಿನ ಅವನ್ನು ತೆರೆಯಲೇಬಾರದು. ಗಾಳಿ ಕೆಳಗಿನಿಂದ ನುಗ್ಗಿ ಇಡೀ ಕಿಟಕಿ ಬಾಗಿಲನ್ನೇ ಎತ್ತುತ್ತದೆ, ಹಿಡಿಕೆಯ ಪಟ್ಟಿ ಬಾಗುತ್ತದೆ, ಆಮೇಲೆ ಮುಚ್ಚಲು ಬರಲ್ಲ.

ನೀರಿನ ಕಥೆ

ಗಾಳಿಯಲ್ಲಿ ಜೀವದ ಅಪಾಯ ಒಂದು ಕಡೆ, ಗಾಜು ಚೆನ್ನಾಗಿ ಬರದೇ ಇರುವ ಕಾಟ ಇನ್ನೊಂದು ಕಡೆ. ಸೋಪು ನೀರು ಹಚ್ಚಿ ವೈಪರ್ ಎಳೆಯುವಷ್ಟರಲ್ಲಿ ಗಾಳಿ ನೀರನ್ನು ಕುಡಿದಿರುತ್ತದೆ. ಒಣಗಿದ ಗಾಜಿನ ಮೇಲೆ ವೈಪರ್ ಕಿರುಗುಟ್ಟುತ್ತದೆ, ಗೆರೆ ಬೀಳುತ್ತದೆ.

ಅದರ ಮೇಲೆ ನಮ್ಮ ಬೋರ್ ನೀರು. ಕಟ್ಟಡದ ಬೋರಿನ ನೀರಿಗೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಲೀಟರಿಗೆ ಸಾವಿರ ಮಿಲಿಗ್ರಾಂ ದಾಟಿತು. ಕುಡಿಯುವ ನೀರಿಗೇ 500ರ ಒಳಗೆ ಇರಲಿ ಅನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನದಂಡ. ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತದೆ. ಈ ನೀರು ಗಾಜಿನ ಮೇಲೆ ತಾನೇ ಒಣಗಿದರೆ ನೀರು ಹೋಗಿ ಸುಣ್ಣದ ಅಂಶ ಉಳಿಯುತ್ತದೆ. ಪ್ರತಿ ಹನಿಗೂ ಒಂದು ಬಿಳಿ ಚುಕ್ಕೆ. ಗಾಳಿಯಿಲ್ಲದ ದಿನ ಒರೆಸಲು ಸಮಯ ಇರುತ್ತದೆ. ಗಾಳಿ ದಿನ ಇರಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ಗಳ ಕಡೆ ಕೆಲಸ ಮಾಡುವವರಿಗೆ ಈ ಕಾಟ ಚೆನ್ನಾಗಿ ಗೊತ್ತು.

ಇಲ್ಲಿ ಹೇಮಾವತಿ ನೀರಿನ ನಲ್ಲಿ ಇತ್ತು, ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬರುವ ನೀರು. ತೊಳೆಯಲು ಅದನ್ನು ಬಳಸಿದೆವು. ಕೊನೆಯ ಸುತ್ತಿಗೆ ಹತ್ತಿರದ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದೆವು. ಕೋಲಿನ ತುದಿಯಿಂದ ನೀರು ಚಿಮ್ಮಿಸಿ ಒರೆಸದೇ ಬಿಡುವ ಕಡೆ ಅದೂ ಸಾಲದು. ಅಲ್ಲಿ ಟಿಡಿಎಸ್ ಹತ್ತಕ್ಕಿಂತ ಕೆಳಗೆ ಇರಬೇಕು, ಅದಕ್ಕೆ ನೀರನ್ನು ಲವಣ ಹೀರುವ ರೆಸಿನ್ ತುಂಬಿದ ಸಿಲಿಂಡರ್ ಮೂಲಕ ಹಾಯಿಸಿದೆವು.

ಹಗ್ಗದಲ್ಲಿದ್ದವರು ದೊಡ್ಡ ವೈಪರ್ ಬಿಟ್ಟು ಹತ್ತಿಂಚಿನದು ಹಿಡಿದರು. ಒಮ್ಮೆಗೆ ಇಡೀ ಗಾಜಿಗೆ ನೀರು ಹಚ್ಚುವ ಬದಲು ಕೈ ಎಟುಕುವಷ್ಟೇ ಚೌಕಕ್ಕೆ ಹಚ್ಚಿ, ಎಳೆದು, ಮುಂದಿನದಕ್ಕೆ ಹೋಗುವುದು. ನಿಧಾನ ಆಗುತ್ತದೆ, ಆದರೆ ಮತ್ತೆ ಮಾಡುವ ಕೆಲಸ ಇರಲ್ಲ.

ಸಿಮೆಂಟ್ ಹನಿ ತೆಗೆಯಲು ಆಸಿಡ್ ಹಾಕಿ ಅಂತ ಯಾರೋ ಮೇಸ್ತ್ರಿ ಹೇಳಿದ್ದರು. ಗಾಳಿಯಲ್ಲಿ ಆಸಿಡ್ ಹನಿ ಕೆಲಸಗಾರನ ಕಣ್ಣಿಗೇ ಬರುತ್ತದೆ, ಇಲ್ಲ ಫುಟ್‌ಪಾತ್‌ನವರ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂ ಚೌಕಟ್ಟನ್ನೂ ತಿನ್ನುತ್ತದೆ. ಒಂದು ಹನಿಯೂ ಬಳಸಲಿಲ್ಲ. ಒದ್ದೆ ಬಟ್ಟೆ ಅಂಟಿಸಿ ನೆನೆಸಿ, ಹೊಸ ಬ್ಲೇಡಿನ ಸ್ಕ್ರೇಪರ್‌ನಿಂದ ಒಂದೇ ದಿಕ್ಕಿಗೆ ತಳ್ಳಿ ತೆಗೆದೆವು. ಕೆಳಗೆ ಟೇಪ್ ಕಟ್ಟಿದ ಜಾಗವನ್ನು ಗಾಳಿ ಹೋಗುವ ದಿಕ್ಕಿಗೆ ಇನ್ನಷ್ಟು ಹಿಗ್ಗಿಸಬೇಕಾಯಿತು. ಹನಿ, ಸಿಮೆಂಟ್ ಚೂರು ನೇರ ಕೆಳಗೆ ಬೀಳಲ್ಲ. ಮೊದಲ ದಿನ ಟೇಪಿನ ಆಚೆ ನಿಲ್ಲಿಸಿದ್ದ ಸ್ಕೂಟರ್ ಸೀಟಿನ ಮೇಲೂ ಹನಿಯಿತ್ತು.

ಉಳಿದ ಮೂಲೆ

ಓಪನಿಂಗ್ ದಿನದ ಹೊತ್ತಿಗೆ ಎಲ್ಲ ಮುಗಿಯಿತು, ಎಡ ಮೂಲೆಯ ಪಟ್ಟಿಯ ಮೇಲಿನ ಎರಡು ಮಹಡಿ ಬಿಟ್ಟು. ಗಲ್ಲಿಯ ಗಾಳಿ ನಸುಕಿನಲ್ಲೂ 30ರ ಕೆಳಗೆ ಬರಲೇ ಇಲ್ಲ. ಬಂದವರಿಗೆ ಆ ಧೂಳು ಕಂಡಿತು. ಮಾಲೀಕರಿಗೆ ಬೇಜಾರಾಯಿತು, ಅದನ್ನು ಮುಚ್ಚಿಡಲಿಲ್ಲ. ಆ ಪಟ್ಟಿಯ ದುಡ್ಡು ಹಿಡಿದುಕೊಂಡರು, ಅದು ಸರಿಯೇ. ಗಾಳಿ ಇಳಿದ ಮೇಲೆ ಹೋಗಿ ಮಾಡಿಕೊಟ್ಟೆವು, ದುಡ್ಡೂ ಬಂತು.

ನಿಂತ ದಿನಗಳ ಕೂಲಿ ಈ ಕೆಲಸದಲ್ಲಿ ನಮ್ಮ ಲಾಭದಲ್ಲೇ ಹೋಯಿತು. ಸಣ್ಣ ತಂಡ ಪ್ರತಿ ಸಲ ಹೀಗೆ ಹೊರಲು ಆಗಲ್ಲ. ಅದಕ್ಕೆ ಈಗ ಕೊಟೇಶನ್ನಿನಲ್ಲಿ ಎರಡು ಸಾಲು ಬರೆಯುತ್ತೇವೆ: 'ಟೆರೇಸಿನ ಅಂಚಿನಲ್ಲಿ ಗಾಳಿಯ ಬೀಸು ಗಂಟೆಗೆ 30 ಕಿಲೋಮೀಟರ್ ದಾಟಿದರೆ ಹಗ್ಗದ ಕೆಲಸ ಇರುವುದಿಲ್ಲ. ಹಗ್ಗ ಕಟ್ಟಿದ ಮೇಲೆ ನಿಂತ ದಿನದ ಕೂಲಿಯಲ್ಲಿ ಅರ್ಧ ಮಾಲೀಕರದು, ಅರ್ಧ ನಮ್ಮದು.' ಜೂನ್‌ನಿಂದ ಆಗಸ್ಟ್‌ವರೆಗಿನ ಕೆಲಸಕ್ಕೆ ಮುಗಿಸುವ ತಾರೀಕನ್ನು ಒಂದು ವಾರ ಸಡಿಲ ಇಟ್ಟೇ ಕೊಡುತ್ತೇವೆ. ಕೆಲವರು ಈ ಸಾಲು ಓದಿ ಕೆಲಸ ಬೇರೆಯವರಿಗೆ ಕೊಡುತ್ತಾರೆ. ಕೊಡಲಿ. ಒಪ್ಪಿದವರ ಟೆರೇಸಿನಲ್ಲಿ ನಮ್ಮ ಹುಡುಗರು ಹೆದರದೆ ವಿಶಲ್ ಊದುತ್ತಾರೆ.

ಈ ಮಾಲೀಕರು ಕ್ಯಾತ್ಸಂದ್ರದ ಕಡೆ ಇನ್ನೊಂದು ಕಟ್ಟಡ ಎಬ್ಬಿಸುತ್ತಿದ್ದಾರೆ. ಅದರ ಸ್ಲ್ಯಾಬ್ ಹಾಕುವ ಮೊದಲೇ ಫೋನ್ ಮಾಡಿ, ಹಗ್ಗ ಕಟ್ಟೋಕೆ ಏನೇನು ಬಿಡಬೇಕು ಅಂತ ಕೇಳಿದರು. ಇಂಜಿನಿಯರ್ ಜೊತೆ ಕೂತು ಹೇಳಿದ್ದು ಇಷ್ಟು. ಟೆರೇಸಿನ ಉದ್ದಕ್ಕೂ ಪ್ರತಿ ಪಟ್ಟಿಗೆ ಹಗ್ಗ ಕಟ್ಟುವ ಎರಡು ಬೇರೆ ಬೇರೆ ಆಂಕರ್ ಕೊಕ್ಕೆ, ಕಾಂಕ್ರೀಟ್ ಜೊತೆಗೇ ಹೂತು, ಭಾರ ಹಾಕಿ ಪರೀಕ್ಷೆ ಮಾಡಿಸಬೇಕು. ಪ್ಯಾರಾಪೆಟ್ ಮೇಲೆ ಎಸಿಪಿ ಬೇಡ, ಹಾಕಿದರೂ ಕತ್ತರಿಸಿದ ಅಂಚು ಒಳಮುಖಕ್ಕೆ ಇರಲಿ, ಹೊರ ಅಂಚು ದುಂಡಗಿರಲಿ. ಟೆರೇಸಿಗೆ ಒಂದು ನಲ್ಲಿ. ಪಕ್ಕದ ಸೈಟಿನ ಕಡೆಯ ಗಲ್ಲಿಗೆ ಗಾಜೇ ಬೇಡ, ಗೋಡೆ ಕಟ್ಟಿ ಬಣ್ಣ ಹೊಡೆಸಿ ಅಂದೆ. ಗಲ್ಲಿಯ ಕಡೆ ಗೋಡೆ ಏಳುತ್ತಿದೆ. ಆಂಕರ್‌ಗಳ ಜಾಗ ನಕ್ಷೆಯಲ್ಲಿ ಸೇರಿದೆ, ಸ್ಲ್ಯಾಬಿಗೆ ಇನ್ನೂ ತಾರೀಕು ಗೊತ್ತಾಗಿಲ್ಲ.